ಐಬೀರಿಯದ ಕಲೆ, ಜರ್ಮನಿಯ ವಿದ್ವತ್ತು: ಒಂದು ಸಹಯೋಗದ ಇತಿಹಾಸ

ಒಂದು ನಾಡಿನ ಕಲೆಯನ್ನು ಅರಿಯುವ ಅಧಿಕಾರ ಆ ನಾಡಿನವರಿಗೇ ಮೀಸಲೆ, ಅಥವಾ ಹೊರಗಿನವರ ನೋಟಕ್ಕೂ ಅಲ್ಲಿ ಸ್ಥಾನವುಂಟೆ ಎಂಬ ಪ್ರಶ್ನೆ ವಿದ್ವತ್ ಪ್ರಪಂಚದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ನೆಲದ ವಿದ್ವಾಂಸನಿಗೆ ಭಾಷೆ, ದಾಖಲೆ, ಸಂಪ್ರದಾಯಗಳು ಸಹಜವಾಗಿ ಒದಗುತ್ತವೆ. ಆದರೆ ಅತಿಪರಿಚಯದಿಂದ ಕಣ್ಣು ಮಂಕಾಗುವ ಅಪಾಯವೂ ಅವನಿಗುಂಟು. ಹೊರಗಿನಿಂದ ಬಂದವನಿಗೆ ಹೋಲಿಸಿ ನೋಡುವ ಶಕ್ತಿ ಇರುತ್ತದೆ. ಆದರೆ ಆ ನೆಲದವರು ಬಾಗಿಲು ತೆರೆಯದಿದ್ದರೆ ಅವನ ಪಾಂಡಿತ್ಯ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ಈ ಎರಡು ಶಕ್ತಿಗಳು ಕೂಡಿದಾಗ ಆಗುವ ಲಾಭವೆಷ್ಟು, ಕೂಡದೆ ಹೋದಾಗ ಆಗುವ ನಷ್ಟವೆಷ್ಟು ಎಂಬುದಕ್ಕೆ ಜರ್ಮನ್ ವಿದ್ವಾಂಸರಿಗೂ ಐಬೀರಿಯ ಪರ್ಯಾಯದ್ವೀಪದ ಸ್ಪೇನ್, ಪೋರ್ಚುಗಲ್ ದೇಶಗಳ ವಿದ್ವಾಂಸರಿಗೂ ನಡುವೆ ಬೆಳೆದು ಬಂದ ಸಂಬಂಧ ಒಂದು ಉತ್ತಮ ನಿದರ್ಶನ. ಅದರಲ್ಲಿ ಸ್ನೇಹವಿದೆ, ವಿವಾದವಿದೆ, ರಾಜಕೀಯದ ಕ್ರೌರ್ಯಕ್ಕೆ ಬಲಿಯಾದ ಜೀವವೂ ಇದೆ.

ಮೊದಲ ಸಂಪರ್ಕಗಳು

ಈ ಸಂಬಂಧದ ಬೇರುಗಳು ಹದಿನಾರನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ. ವಿಚಿತ್ರವೆಂದರೆ ಅದರ ಒಂದು ಎಳೆ ಭಾರತದ ಪಶ್ಚಿಮ ಕರಾವಳಿಯಿಂದಲೇ ಹೊರಟದ್ದು. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಾ ಪೋರ್ಚುಗೀಸ್ ಗವರ್ನರ್ ಅಫೋನ್ಸೊ ದ ಅಲ್ಬುಕರ್ಕನಿಗೆ ಒಂದು ಖಡ್ಗಮೃಗವನ್ನು ಕಾಣಿಕೆಯಾಗಿ ಕಳುಹಿಸಿದನು. 1515ರ ಆರಂಭದಲ್ಲಿ ಗೋವೆಯಿಂದ ಹಡಗೇರಿದ ಆ ಪ್ರಾಣಿ ಅದೇ ವರ್ಷದ ಮೇ ತಿಂಗಳಲ್ಲಿ ಲಿಸ್ಬನ್ ಬಂದರನ್ನು ಮುಟ್ಟಿತು. ಲಿಸ್ಬನ್ನಿನಿಂದ ನ್ಯೂರೆಂಬರ್ಗಿಗೆ ಬಂದ ಒಂದು ವರ್ಣನೆ ಮತ್ತು ರೇಖಾಚಿತ್ರವನ್ನು ಆಧರಿಸಿ ಆಲ್ಬ್ರೆಕ್ಟ್ ಡ್ಯೂರರ್ ತನ್ನ ಪ್ರಸಿದ್ಧ ಮರದಚ್ಚಿನ ಚಿತ್ರವನ್ನು ರಚಿಸಿದನು. ಪ್ರಾಣಿಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆದ್ದರಿಂದಲೇ ಅವನ ಖಡ್ಗಮೃಗಕ್ಕೆ ಕವಚದಂತಹ ಚರ್ಮವೂ ಬೆನ್ನಿನ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಬಂದಿವೆ. ಆದರೂ ಆ ಚಿತ್ರ ಯೂರೋಪಿನ ಕಲ್ಪನೆಯನ್ನು ಶತಮಾನಗಳ ಕಾಲ ಆಳಿತು. ದೂರದ ವರದಿಯನ್ನು ನಂಬಿ ಬರೆದ ಚಿತ್ರದ ಶಕ್ತಿ ಹಾಗೂ ಮಿತಿ ಎರಡನ್ನೂ ಅದು ತೋರಿಸುತ್ತದೆ.

1520–21ರಲ್ಲಿ ಡ್ಯೂರರ್ ನೆದರ್ಲೆಂಡ್ಸ್ ಪ್ರವಾಸ ಕೈಗೊಂಡಾಗ ಆಂಟ್ವರ್ಪ್ ನಗರದಲ್ಲಿದ್ದ ಪೋರ್ಚುಗೀಸ್ ವಾಣಿಜ್ಯ ಪ್ರತಿನಿಧಿಗಳೊಡನೆ ಅವನಿಗೆ ಆತ್ಮೀಯತೆ ಬೆಳೆಯಿತು. ಅವರಲ್ಲಿ ಒಬ್ಬನಾದ ರೊದ್ರೀಗೊ ಫೆರ್ನಾಂದೆಸ್ ದ ಅಲ್ಮಾದನಿಗೆ ಅವನು 1521ರಲ್ಲಿ ತಾನು ಬರೆದ ಸಂತ ಜೆರೋಮನ ವರ್ಣಚಿತ್ರವನ್ನು ಕೊಟ್ಟನು. ಆ ಚಿತ್ರ ಇಂದು ಲಿಸ್ಬನ್ನಿನ ಪ್ರಾಚೀನ ಕಲೆಯ ರಾಷ್ಟ್ರೀಯ ಸಂಗ್ರಹಾಲಯದ ಅಮೂಲ್ಯ ಆಸ್ತಿಯಾಗಿದೆ. ಮುಂದೆ ವಿದ್ವಾಂಸರು ಬೆಸೆಯಬೇಕಾಗಿದ್ದ ನಂಟನ್ನು ಕಲಾವಿದರು, ವರ್ತಕರು ಮೊದಲೇ ಬೆಸೆದಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಪೋರ್ಚುಗಲ್: ಒಂದು ಹಸ್ತಪ್ರತಿಯ ಪ್ರಯಾಣ

ಕಲೆಯ ಇತಿಹಾಸ ಒಂದು ಶಾಸ್ತ್ರವಾಗಿ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಜರ್ಮನಿಯ ವಿಶ್ವವಿದ್ಯಾನಿಲಯಗಳು ಮತ್ತು ಸಂಗ್ರಹಾಲಯಗಳು ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದವು. ಪ್ರಷ್ಯದ ರಾಯಭಾರಿಯಾಗಿ 1842ರಲ್ಲಿ ಲಿಸ್ಬನ್ನಿಗೆ ಬಂದ ಕೌಂಟ್ ಅಥನಾಸಿಯಸ್ ರಚಿನ್ಸ್ಕಿ ಅವರು ಹುಟ್ಟಿನಿಂದ ಪೋಲೆಂಡಿನ ಕುಲೀನರು. ಕಲಾಸಂಗ್ರಾಹಕರೆಂದು ಬರ್ಲಿನ್ನಿನಲ್ಲಿ ಹೆಸರಾದವರು. ಪೋರ್ಚುಗಲ್‌ನ ಕಲೆಯ ವಿಷಯವಾಗಿ ಅವರು ಬರ್ಲಿನ್ನಿನ ಕಲಾ ಮತ್ತು ವಿಜ್ಞಾನ ಸಂಘಕ್ಕೆ ಬರೆದ ಪತ್ರಗಳು 1846ರಲ್ಲಿ ಪ್ಯಾರಿಸ್ಸಿನಿಂದ ಗ್ರಂಥರೂಪದಲ್ಲಿ ಹೊರಬಂದವು. ಮರುವರ್ಷ ಪೋರ್ಚುಗಲ್‌ನ ಕಲಾವಿದರ ನಿಘಂಟೊಂದನ್ನು ಅವರು ಪ್ರಕಟಿಸಿದರು.

ಆ ಕಾಲದಲ್ಲಿ ಪೋರ್ಚುಗಲ್‌ನಲ್ಲಿ ಒಂದು ವಿಚಿತ್ರ ಪರಿಸ್ಥಿತಿಯಿತ್ತು. ಹಳೆಯ ಕಾಲದ ಒಳ್ಳೆಯ ವರ್ಣಚಿತ್ರ ಎಲ್ಲಿ ಕಂಡರೂ ಅದು ‘ಗ್ರಾವೊ ವಾಸ್ಕೊ’, ಅಂದರೆ ‘ಮಹಾ ವಾಸ್ಕೊ’, ಎಂಬ ಒಬ್ಬನೇ ಚಿತ್ರಕಾರನದೆಂದು ಜನ ಹೇಳುತ್ತಿದ್ದರು. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಬರೆಯಲಾರದಷ್ಟು ಚಿತ್ರಗಳು, ಒಂದೇ ಕೈಯಿಂದ ಬರಲಾರದಷ್ಟು ಶೈಲಿಗಳು ಆ ಹೆಸರಿನಡಿ ಸೇರಿದ್ದವು. ರಚಿನ್ಸ್ಕಿ ಅವರು ಊರೂರು ತಿರುಗಿ ಚಿತ್ರಗಳನ್ನು ಪರಿಶೀಲಿಸಿ, ಸ್ಥಳೀಯ ವಿದ್ವಾಂಸರಿಂದ ದಾಖಲೆಗಳನ್ನು ಬರಮಾಡಿಕೊಂಡು, ಐತಿಹ್ಯವನ್ನೂ ಇತಿಹಾಸವನ್ನೂ ಬೇರ್ಪಡಿಸಲು ಯತ್ನಿಸಿದರು. ವಿಸೆವು ನಗರದ ವಾಸ್ಕೊ ಫೆರ್ನಾಂದೆಸ್ ಎಂಬ ಚಿತ್ರಕಾರನ ನಿಜಸ್ವರೂಪ ಕಾಲಕ್ರಮದಲ್ಲಿ ಸ್ಪಷ್ಟವಾಗಲು ಈ ವಿಮರ್ಶೆಯೇ ದಾರಿಮಾಡಿತು. ಐತಿಹ್ಯವನ್ನು ಕಳೆದುಕೊಂಡ ನಾಡು ಬಡವಾಗಲಿಲ್ಲ. ಒಬ್ಬ ಕಲಾವಿದನ ಸ್ಥಾನದಲ್ಲಿ ಅದಕ್ಕೆ ಹಲವು ಕಲಾವಿದರು ದೊರೆತರು.

ರಚಿನ್ಸ್ಕಿ ಅವರ ಗ್ರಂಥದಿಂದ ಆದ ಇನ್ನೊಂದು ದೊಡ್ಡ ಉಪಕಾರವೆಂದರೆ ಫ್ರಾನ್ಸಿಸ್ಕೊ ದ ಒಲಾಂದನ ಕೃತಿಯನ್ನು ಬೆಳಕಿಗೆ ತಂದದ್ದು. ಈ ಪೋರ್ಚುಗೀಸ್ ಚಿತ್ರಕಾರ 1538ರಲ್ಲಿ ರೋಮಿನಲ್ಲಿದ್ದು ಮೈಕೆಲಾಂಜೆಲೊ ಹಾಗೂ ಕವಯಿತ್ರಿ ವಿತ್ತೋರಿಯಾ ಕೊಲೊನ್ನಾ ಅವರ ಗೋಷ್ಠಿಯಲ್ಲಿ ಪಾಲುಗೊಂಡವನು. ಆ ಸಂವಾದಗಳನ್ನು ಒಳಗೊಂಡ ತನ್ನ ಚಿತ್ರಕಲಾ ಗ್ರಂಥವನ್ನು ಅವನು 1548ರಲ್ಲಿ ಮುಗಿಸಿದನು. ಆದರೆ ಅದು ಅಚ್ಚಾಗದೆ ಮುನ್ನೂರು ವರ್ಷ ಹಸ್ತಪ್ರತಿಯಾಗಿಯೇ ಉಳಿಯಿತು. ಪೋರ್ಚುಗಲ್‌ನಲ್ಲಿ ನೆಲೆಸಿದ್ದ ಚಿತ್ರಕಾರ ರೋಕೆಮಾಂ ಅವರು ಮಾಡಿದ ಫ್ರೆಂಚ್ ಅನುವಾದವನ್ನು ರಚಿನ್ಸ್ಕಿ ತಮ್ಮ 1846ರ ಗ್ರಂಥದಲ್ಲಿ ಸೇರಿಸಿದಾಗಲೇ ಯೂರೋಪಿನ ವಿದ್ವಾಂಸರಿಗೆ ಅದರ ಮಹತ್ವ ತಿಳಿದದ್ದು.

ಆ ಕಾರ್ಯವನ್ನು ಪೂರ್ಣಗೊಳಿಸಿದವರು ಪೋರ್ತೊ ನಗರದ ಜುವಾಕಿಂ ದ ವಾಸ್ಕೊನ್ಸೆಲೋಸ್ (1849–1936). ಬಾಲ್ಯದಲ್ಲಿ ಹ್ಯಾಂಬರ್ಗಿನಲ್ಲಿ ವ್ಯಾಸಂಗ ಮಾಡಿದ ಅವರಿಗೆ ಜರ್ಮನ್ ಭಾಷೆ ಎರಡನೆಯ ಮಾತೃಭಾಷೆಯಂತಿತ್ತು. 1876ರಲ್ಲಿ ಅವರು ಬರ್ಲಿನ್ನಿನ ವಿದುಷಿ ಕಾರೊಲೀನಾ ಮಿಖಾಯೆಲಿಸ್ ಅವರನ್ನು ವಿವಾಹವಾದರು. ಪತಿ ಪೋರ್ಚುಗಲ್‌ನವರಾದರೂ ಜರ್ಮನ್ ವಿದ್ಯಾಪದ್ಧತಿಯಲ್ಲಿ ಪಳಗಿದವರು. ಪತ್ನಿ ಜರ್ಮನಿಯವರಾದರೂ ಪೋರ್ಚುಗೀಸ್ ಸಾಹಿತ್ಯವನ್ನೇ ತಮ್ಮ ಬಾಳಿನ ಕಾಯಕವಾಗಿ ಸ್ವೀಕರಿಸಿದವರು. ಎರಡು ದೇಶಗಳ ವಿದ್ವತ್ತು ಒಂದೇ ಮನೆಯಲ್ಲಿ ಸಂಸಾರ ಹೂಡಿದಂತಾಯಿತು. ಜುವಾಕಿಂ ಅವರು 1877ರಲ್ಲಿ ಡ್ಯೂರರ್ ಮತ್ತು ಪರ್ಯಾಯದ್ವೀಪದ ಮೇಲೆ ಅವನ ಪ್ರಭಾವವನ್ನು ಕುರಿತ ಗ್ರಂಥವನ್ನು ರಚಿಸಿದರು. ಒಲಾಂದನ ಸಂವಾದಗಳನ್ನು ಮೂಲ ಪೋರ್ಚುಗೀಸಿನಲ್ಲಿ ಸಂಪಾದಿಸಿದ್ದಲ್ಲದೆ, 1899ರಲ್ಲಿ ವಿಯೆನ್ನಾದಿಂದ ಮೂಲವನ್ನೂ ಜರ್ಮನ್ ಅನುವಾದವನ್ನೂ ಒಟ್ಟಿಗೆ ಪ್ರಕಟಿಸಿದರು. ಕಾರೊಲೀನಾ ಅವರು ಮಧ್ಯಯುಗದ ಪೋರ್ಚುಗೀಸ್ ಗೀತಸಂಕಲನವಾದ ‘ಕ್ಯಾನ್ಸಿಯೊನೈರೊ ದ ಅಜೂದ’ವನ್ನು 1904ರಲ್ಲಿ ಸಂಪಾದಿಸಿದರು, ಮುಂದೆ ಕೊಯಿಂಬ್ರ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿ, ಪೋರ್ಚುಗಲ್‌ನ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಮೊದಲ ಮಹಿಳೆಯೆನಿಸಿದರು. ಅವರು 1925ರಲ್ಲಿ ಪೋರ್ತೊ ನಗರದಲ್ಲಿಯೇ ತೀರಿಕೊಂಡರು.

ಕಾರ್ಲ್ ಯುಸ್ಟಿ ಮತ್ತು ವೆಲಾಸ್ಕೆಸ್

ಸ್ಪೇನಿನ ಕಡೆಗೆ ಜರ್ಮನ್ ವಿದ್ವಾಂಸರ ಗಮನ ಹರಿದದ್ದು ಸ್ವಲ್ಪ ತಡವಾಗಿ. ಫ್ರಾಂಕ್‌ಫರ್ಟಿನ ಯೋಹಾನ್ ಡೇವಿಡ್ ಪಸಾವಾಂಟ್ ಅವರು 1853ರಲ್ಲಿ ಸ್ಪೇನಿನ ಕ್ರೈಸ್ತ ಕಲೆಯನ್ನು ಕುರಿತು ಗ್ರಂಥವೊಂದನ್ನು ಹೊರತಂದರು. ಶಾಸನತಜ್ಞ ಎಮಿಲ್ ಹ್ಯೂಬ್ನರ್ ಅವರು 1860ರ ಸುಮಾರಿಗೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಸಂಚರಿಸಿ, ಮ್ಯಾಡ್ರಿಡ್‌ನಲ್ಲಿರುವ ಪ್ರಾಚೀನ ಶಿಲ್ಪಗಳ ವಿವರಣೆಯನ್ನು 1862ರಲ್ಲಿಯೂ ಐಬೀರಿಯದ ಲ್ಯಾಟಿನ್ ಶಾಸನಗಳ ಸಂಪುಟವನ್ನು 1869ರಲ್ಲಿಯೂ ಪ್ರಕಟಿಸಿದರು. ಮಾಲಗದ ರೊದ್ರೀಗೆಸ್ ದ ಬೆರ್ಲಾಂಗ ಅವರಂತಹ ಸ್ಥಳೀಯ ವಿದ್ವಾಂಸರ ನೆರವಿಲ್ಲದೆ ಅಂತಹ ಸಂಗ್ರಹ ಸಾಧ್ಯವಾಗುತ್ತಿರಲಿಲ್ಲ.

ಆದರೆ ಈ ಕ್ಷೇತ್ರಕ್ಕೆ ನಿಜವಾದ ಅಡಿಗಲ್ಲನ್ನು ಇಟ್ಟವರು ಬಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕಾರ್ಲ್ ಯುಸ್ಟಿ (1832–1912). ವಿಂಕೆಲ್‌ಮಾನ್ ಚರಿತ್ರೆಯಿಂದ ಆ ವೇಳೆಗಾಗಲೇ ಕೀರ್ತಿ ಪಡೆದಿದ್ದ ಅವರು 1872ರಲ್ಲಿ ಮೊದಲ ಬಾರಿಗೆ ಸ್ಪೇನಿಗೆ ಹೋದರು. ಅನಂತರ ಎರಡು ದಶಕಗಳ ಕಾಲ ಅಲ್ಲಿಗೆ ಮತ್ತೆ ಮತ್ತೆ ಪ್ರಯಾಣ ಮಾಡಿದರು. ಆ ಪರಿಶ್ರಮದ ಫಲವಾಗಿ 1888ರಲ್ಲಿ ‘ದಿಯೇಗೊ ವೆಲಾಸ್ಕೆಸ್ ಮತ್ತು ಅವನ ಶತಮಾನ’ ಎಂಬ ಎರಡು ಸಂಪುಟಗಳ ಮಹಾಗ್ರಂಥ ಪ್ರಕಟವಾಯಿತು. ಕಲಾವಿದನೊಬ್ಬನನ್ನು ಕೇವಲ ಚಿತ್ರಗಳ ಪಟ್ಟಿಯಾಗಿ ನೋಡದೆ, ಅವನ ಕಾಲದ ಅರಮನೆ, ನಗರ, ರಾಜಕಾರಣ, ಧರ್ಮ, ಸಾಹಿತ್ಯಗಳ ನಡುವೆ ಇರಿಸಿ ನೋಡಿದ್ದು ಅದರ ವೈಶಿಷ್ಟ್ಯ. 1656ರ ‘ಲಾಸ್ ಮೆನೀನಾಸ್’ ಚಿತ್ರವನ್ನು ಅರ್ಥಮಾಡಿಕೊಳ್ಳಬೇಕಾದರೆ ಅದನ್ನು ಬರೆದ ಕೈಯಷ್ಟೇ ಆ ಕೈಗೆ ಕೆಲಸ ಕೊಟ್ಟ ಅರಮನೆಯೂ ತಿಳಿದಿರಬೇಕೆಂಬುದು ಯುಸ್ಟಿ ಅವರ ನಿಲುವು.

ಇಂತಹ ಗ್ರಂಥ ಶೂನ್ಯದಿಂದ ಹುಟ್ಟಲಿಲ್ಲ. ವೆಲಾಸ್ಕೆಸ್‌ನ ಗುರುವೂ ಮಾವನೂ ಆದ ಪಚೇಕೊ ಬರೆದ ಚಿತ್ರಕಲಾ ಗ್ರಂಥ (1649), ಪಲೋಮಿನೊ ಬರೆದ ಜೀವನಚರಿತ್ರೆ (1724), ಸೆಯಾನ್ ಬೆರ್ಮೂದೆಸ್ ಆರು ಸಂಪುಟಗಳಲ್ಲಿ ರಚಿಸಿದ ಕಲಾವಿದರ ನಿಘಂಟು (1800), ಕ್ರುಸಾದ ವಿಲ್ಯಾಮಿಲ್ ಅರಮನೆಯ ದಾಖಲೆಗಳಿಂದ ಹೆಕ್ಕಿ ಸಿದ್ಧಪಡಿಸಿದ ವೆಲಾಸ್ಕೆಸ್ ವೃತ್ತಾಂತ (1885): ಇವೆಲ್ಲ ಸ್ಪೇನಿನವರ ದುಡಿಮೆ. ಜರ್ಮನ್ ವಿದ್ವಾಂಸರು ಕಟ್ಟಿದ ಸೌಧದ ಕಲ್ಲುಗಳನ್ನು ಸ್ಪೇನಿನ ವಿದ್ವಾಂಸರು ಎರಡು ಶತಮಾನಗಳಿಂದ ಕಡೆದು ಇಟ್ಟಿದ್ದರು. ಈ ಋಣವನ್ನು ಮರೆತು ಯುಸ್ಟಿ ಅವರನ್ನು ಹೊಗಳುವುದು ಅರ್ಧಸತ್ಯ. ಯುಸ್ಟಿ ಅವರನ್ನು ಮರೆತು ಕಲ್ಲುಗಳನ್ನಷ್ಟೇ ಎಣಿಸುವುದೂ ಅರ್ಧಸತ್ಯವೇ. ಈ ಗ್ರಂಥದ ಸ್ಪ್ಯಾನಿಷ್ ಅನುವಾದ 1953ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟವಾದದ್ದು ಆ ಋಣಸಂಬಂಧ ಎರಡೂ ಕಡೆಯದೆಂಬುದಕ್ಕೆ ಸಾಕ್ಷಿ.

ಪಂಡಿತರಾದ ಮಾತ್ರಕ್ಕೆ ಯುಸ್ಟಿ ಅವರ ನಿರ್ಣಯಗಳೆಲ್ಲ ಅಂತಿಮವಾಗಲಿಲ್ಲ. ಟೊಲೇಡೊ ನಗರದ ಚಿತ್ರಕಾರ ಎಲ್ ಗ್ರೆಕೊನ ನೀಳವಾದ ಆಕೃತಿಗಳಲ್ಲಿ ಅವರು ಕಲೆಯ ವಿಕಾರವನ್ನೇ ಕಂಡರು. ಈ ಅಭಿಪ್ರಾಯವನ್ನು ತಿದ್ದುವ ಕೆಲಸ ಸ್ಪೇನಿನಿಂದಲೇ ಆಯಿತು. ಮ್ಯಾನುಯೆಲ್ ಬಾರ್ತೊಲೊಮೆ ಕೊಸ್ಸಿಯೊ ಅವರು 1908ರಲ್ಲಿ ಪ್ರಕಟಿಸಿದ ಗ್ರಂಥ ಎಲ್ ಗ್ರೆಕೊನ ಕೃತಿಗಳನ್ನು ವ್ಯವಸ್ಥಿತವಾಗಿ ಪರಿಶೀಲಿಸಿ ಅವನ ಸ್ಥಾನವನ್ನು ಎತ್ತಿಹಿಡಿಯಿತು. ಎರಡೇ ವರ್ಷಗಳಲ್ಲಿ ಜರ್ಮನ್ ವಿಮರ್ಶಕ ಯೂಲಿಯಸ್ ಮೈಯರ್-ಗ್ರೇಫೆ ಅವರು ತಮ್ಮ ಸ್ಪೇನ್ ಪ್ರವಾಸಕಥನದಲ್ಲಿ ಎಲ್ ಗ್ರೆಕೊನನ್ನು ವೆಲಾಸ್ಕೆಸ್‌ಗಿಂತಲೂ ಮೇಲಿನವನೆಂದು ಸಾರಿದರು. 1911ರಲ್ಲಿ ಮ್ಯೂನಿಕ್ ನಗರದಲ್ಲಿ ಅವನ ಚಿತ್ರಗಳು ಪ್ರದರ್ಶಿತವಾಗಿ ಹೊಸ ಪೀಳಿಗೆಯ ಜರ್ಮನ್ ಚಿತ್ರಕಾರರನ್ನು ಆಳವಾಗಿ ಕಲಕಿದವು. ಒಂದು ದೇಶದ ಗುರು ಕಾಣದೆ ಹೋದುದನ್ನು ಇನ್ನೊಂದು ದೇಶದ ವಿದ್ವಾಂಸ ಕಂಡು, ಆ ಕಾಣ್ಕೆ ಮೊದಲ ದೇಶಕ್ಕೇ ಹಿಂದಿರುಗಿತು.

ಕೊಸ್ಸಿಯೊ ಅವರ ಹಿನ್ನೆಲೆಯೂ ಇಲ್ಲಿ ಗಮನಾರ್ಹ. ಹೂಲಿಯಾನ್ ಸಾನ್ಸ್ ದೆಲ್ ರೀಯೊ ಎಂಬ ಸ್ಪೇನಿನ ದಾರ್ಶನಿಕರು 1843ರಲ್ಲಿ ಹೈಡೆಲ್‌ಬರ್ಗಿಗೆ ಹೋಗಿ ಜರ್ಮನ್ ತತ್ತ್ವಜ್ಞಾನಿ ಕ್ರೌಸೆ ಅವರ ವಿಚಾರಗಳನ್ನು ಅಭ್ಯಾಸ ಮಾಡಿ ಬಂದರು. ಆ ಪ್ರೇರಣೆಯಿಂದ ಬೆಳೆದ ಶಿಷ್ಯವರ್ಗವೇ 1876ರಲ್ಲಿ ಮ್ಯಾಡ್ರಿಡ್‌ನಲ್ಲಿ ‘ಸ್ವತಂತ್ರ ಶಿಕ್ಷಣ ಸಂಸ್ಥೆ’ಯನ್ನು ಸ್ಥಾಪಿಸಿತು. ಕೊಸ್ಸಿಯೊ ಆ ಸಂಸ್ಥೆಯ ಫಲ. 1907ರಲ್ಲಿ ವಿಜ್ಞಾನಿ ರಾಮೋನ್ ಇ ಕಹಾಲ್ ಅವರ ಅಧ್ಯಕ್ಷತೆಯಲ್ಲಿ ಆರಂಭವಾದ ಉನ್ನತ ವ್ಯಾಸಂಗ ಮಂಡಲಿಯು ಸ್ಪೇನಿನ ಯುವ ವಿದ್ವಾಂಸರನ್ನು ವಿದ್ಯಾರ್ಥಿವೇತನ ಕೊಟ್ಟು ಹೊರದೇಶಗಳಿಗೆ ಕಳುಹಿಸಿತು. ಬಾರ್ಸಿಲೋನದ ಬಾಷ್ ಜಿಂಪೆರ ಅವರು ಹೀಗೆ ಬರ್ಲಿನ್ನಿಗೆ ಹೋಗಿ ಪುರಾತತ್ತ್ವವನ್ನು ಕಲಿತು ಬಂದು ತಮ್ಮ ನಾಡಿನಲ್ಲಿ ಒಂದು ಪರಂಪರೆಯನ್ನೇ ಬೆಳೆಸಿದರು.

ವಿಶ್ವಾಸಕ್ಕೆ ಬಿದ್ದ ಪೆಟ್ಟುಗಳು

ಎಲ್ಲ ಸಂಬಂಧಗಳೂ ಹೀಗೆ ಸುಗಮವಾಗಿರಲಿಲ್ಲ. ಕ್ರಿಸ್ತಪೂರ್ವ 133ರಲ್ಲಿ ರೋಮನ್ನರಿಗೆ ಸೋತು ನಾಶವಾದ ನುಮಾನ್ಸಿಯ ನಗರ ಸ್ಪೇನಿನ ಜನರಿಗೆ ಸ್ವಾಭಿಮಾನದ ಸಂಕೇತ. ಸೋರಿಯ ಪಟ್ಟಣದ ಬಳಿ ಅದರ ನೆಲೆಯನ್ನು ಗುರುತಿಸಿದವರು ಎದುವಾರ್ದೊ ಸಾವೇದ್ರ ಎಂಬ ಸ್ಪೇನಿನ ವಿದ್ವಾಂಸರೇ. 1905ರಲ್ಲಿ ಜರ್ಮನಿಯ ಆಡಾಲ್ಫ್ ಷುಲ್ಟನ್ ಅವರು ಅಲ್ಲಿ ಉತ್ಖನನ ಆರಂಭಿಸಿದಾಗ ಅಸಮಾಧಾನ ಹುಟ್ಟಿತು. ಮರುವರ್ಷ ನಗರದ ಉತ್ಖನನವನ್ನು ಸಾವೇದ್ರ ಅವರ ನೇತೃತ್ವದ ಸ್ಪೇನಿನ ಮಂಡಲಿಯೇ ವಹಿಸಿಕೊಂಡಿತು. ಷುಲ್ಟನ್ ಅವರು ಸುತ್ತಲಿನ ರೋಮನ್ ಪಾಳೆಯಗಳನ್ನು 1912ರ ವರೆಗೆ ಅಗೆದರು. ಅಲ್ಲಿ ದೊರೆತ ವಸ್ತುಗಳು ಜರ್ಮನಿಯ ಮೈನ್ಸ್ ನಗರದ ಸಂಗ್ರಹಾಲಯಕ್ಕೆ ಸಾಗಿದ್ದು ಸ್ಪೇನಿನ ವಿದ್ವಾಂಸರಿಗೆ ನೋವನ್ನುಂಟುಮಾಡಿತು. ಉತ್ಖನನಗಳನ್ನು ಸರ್ಕಾರದ ನಿಯಂತ್ರಣಕ್ಕೆ ಒಳಪಡಿಸಿದ ಸ್ಪೇನಿನ ಕಾನೂನು ಜಾರಿಗೆ ಬಂದದ್ದು 1911ರಲ್ಲಿ, ಇದೇ ಕಾಲದಲ್ಲಿ. ಷುಲ್ಟನ್ ಅವರ ನಾಲ್ಕು ಸಂಪುಟಗಳ ಪಾಂಡಿತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿದ್ಯೆ ಎಷ್ಟೇ ದೊಡ್ಡದಾದರೂ ಮನೆಯವರ ಮನಸ್ಸನ್ನು ನೋಯಿಸಿದರೆ ಅದು ಅತಿಥಿಯ ಗೌರವವನ್ನು ಉಳಿಸಿಕೊಳ್ಳಲಾರದು.

ಇದಕ್ಕೆ ವಿರುದ್ಧವಾದ ಉದಾಹರಣೆ ಹ್ಯೂಗೊ ಓಬರ್‌ಮೈಯರ್ (1877–1946) ಅವರದು. ಜರ್ಮನಿಯ ರೇಗನ್ಸ್‌ಬುರ್ಗಿನ ಈ ಪಾದ್ರಿ ಉತ್ತರ ಸ್ಪೇನಿನ ಎಲ್ ಕಾಸ್ತಿಯೊ ಗುಹೆಯಲ್ಲಿ ಉತ್ಖನನ ನಡೆಸುತ್ತಿದ್ದಾಗ 1914ರಲ್ಲಿ ಮಹಾಯುದ್ಧ ಸಿಡಿಯಿತು. ಸ್ವದೇಶಕ್ಕೆ ಮರಳಲಾಗದ ಅವರಿಗೆ ಮ್ಯಾಡ್ರಿಡ್‌ನ ವಿದ್ವಾಂಸರು ಆಶ್ರಯವಿತ್ತರು. 1916ರಲ್ಲಿ ಅವರು ಆದಿಮಾನವನನ್ನು ಕುರಿತ ತಮ್ಮ ಗ್ರಂಥವನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದರು. 1922ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1924ರಲ್ಲಿ ಸ್ಪೇನಿನ ಪೌರತ್ವ ಪಡೆದರು. ಅಲ್ತಮೀರ ಗುಹೆಯ ಚಿತ್ರಗಳ ಅಧ್ಯಯನಕ್ಕೆ ಅವರ ಕೊಡುಗೆ ಅಪಾರ. ಆದರೆ 1936ರ ಅಂತರ್ಯುದ್ಧ ಈ ಬಾಂಧವ್ಯವನ್ನೂ ಕಡಿದುಹಾಕಿತು. ಅವರು ಸ್ವಿಟ್ಸರ್ಲೆಂಡಿನಲ್ಲಿ ನೆಲೆಸಿ ಅಲ್ಲಿಯೇ ಕೊನೆಯುಸಿರೆಳೆದರು. ಬಾಷ್ ಜಿಂಪೆರ ಅವರೂ ಅದೇ ಯುದ್ಧದ ಫಲವಾಗಿ ದೇಶಭ್ರಷ್ಟರಾಗಿ 1974ರಲ್ಲಿ ಮೆಕ್ಸಿಕೊದಲ್ಲಿ ತೀರಿಕೊಂಡರು.

ಈ ಇತಿಹಾಸದ ಅತ್ಯಂತ ದಾರುಣ ಅಧ್ಯಾಯ ಆಗಸ್ಟ್ ಮೇಯರ್ ಅವರದು. 1885ರಲ್ಲಿ ಜನಿಸಿದ ಈ ಯೆಹೂದಿ ವಿದ್ವಾಂಸರು ಮ್ಯೂನಿಕ್ ನಗರದ ಸುಪ್ರಸಿದ್ಧ ಚಿತ್ರಶಾಲೆಯಾದ ಆಲ್ಟೆ ಪಿನಕೊಟೆಕ್‌ನಲ್ಲಿ ಅಧಿಕಾರಿಯಾಗಿದ್ದರು. ಯುಸ್ಟಿ ಅವರ ಅನಂತರ ಸ್ಪೇನಿನ ಚಿತ್ರಕಲೆಯ ಬಗೆಗೆ ಜರ್ಮನ್ ಭಾಷೆಯಲ್ಲಿ ಅವರಷ್ಟು ವ್ಯಾಪಕವಾಗಿ ಬರೆದವರು ವಿರಳ. ರಿಬೇರ (1908), ಸೆವಿಲ್ಲೆಯ ಚಿತ್ರಕಲಾ ಪಂಥ (1911), ಸ್ಪೇನಿನ ಚಿತ್ರಕಲೆಯ ಸಮಗ್ರ ಇತಿಹಾಸ (1913), ಗೋಯಾ (1923), ಎಲ್ ಗ್ರೆಕೊ (1926): ಹೀಗೆ ಒಂದರ ಹಿಂದೊಂದು ಗ್ರಂಥಗಳು ಅವರ ಲೇಖನಿಯಿಂದ ಹೊರಬಂದವು. ಅವರ ಚಿತ್ರಕಲಾ ಇತಿಹಾಸ 1928ರಲ್ಲಿ ಸ್ಪ್ಯಾನಿಷ್ ಭಾಷೆಗೆ ಬಂದು ಆ ದೇಶದ ವಿದ್ಯಾರ್ಥಿಗಳ ಕೈಪಿಡಿಯಾಯಿತು. ಸ್ಪೇನಿನ ವಿದ್ವತ್ಪತ್ರಿಕೆಗಳಲ್ಲಿಯೂ ಅವರ ಲೇಖನಗಳು ಪ್ರಕಟವಾಗುತ್ತಿದ್ದವು.

ಅಂತಹ ವಿದ್ವಾಂಸರ ಮೇಲೆ ಸ್ವದೇಶದಲ್ಲಿಯೇ ಅಪಪ್ರಚಾರದ ಅಲೆ ಎದ್ದಿತು. 1931ರಲ್ಲಿ ಅವರು ಹುದ್ದೆಯನ್ನು ತೊರೆಯಬೇಕಾಯಿತು. 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದ ಬಳಿಕ ಬಂಧನ, ಹಿಂಸೆಗಳಿಗೆ ಗುರಿಯಾದರು. ಅನಂತರ ಫ್ರಾನ್ಸಿಗೆ ಹೋದ ಅವರು ನಿರಾಶ್ರಿತ ಸ್ಥಿತಿಯಲ್ಲಿಯೂ ಕೆಲಸ ನಿಲ್ಲಿಸಲಿಲ್ಲ. ವೆಲಾಸ್ಕೆಸ್‌ನ ಕೃತಿಗಳ ಸಮಗ್ರ ಸೂಚಿಯನ್ನು 1936ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. ಆದರೆ 1944ರಲ್ಲಿ ಮೊನಾಕೊದಲ್ಲಿ ಅವರನ್ನು ಸೆರೆಹಿಡಿದು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಲ್ಲಿ ಅವರ ಕೊಲೆಯಾಯಿತು. ಪರದೇಶದ ಕಲೆಯನ್ನು ಸ್ವದೇಶದವರಿಗೆ ತಿಳಿಸಲು ಬಾಳನ್ನು ಸವೆಸಿದ ವಿದ್ವಾಂಸರನ್ನು ಅವರ ಸ್ವದೇಶವೇ ಪರಕೀಯರೆಂದು ಬಗೆದು ಕೊಂದಿತು. ದ್ವೇಷ ಆಳುವ ನಾಡಿನಲ್ಲಿ ವಿದ್ವತ್ತು ಯಾರನ್ನೂ ಕಾಯಲಾರದೆಂಬ ಕಟುಸತ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪುನಃ ಕೂಡಿದ ಕೈಗಳು

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನ್ ಪುರಾತತ್ತ್ವ ಸಂಸ್ಥೆಯ ಶಾಖೆಯೊಂದು ಮ್ಯಾಡ್ರಿಡ್‌ನಲ್ಲಿ ಆರಂಭವಾಗಿತ್ತು. ಯುದ್ಧದಲ್ಲಿ ಜರ್ಮನಿ ಸೋತೊಡನೆ ಅದು ಮುಚ್ಚಿತು. 1954ರಲ್ಲಿ ಮತ್ತೆ ತೆರೆದಾಗ ಅದರ ಹೊಣೆ ಹೊತ್ತವರು ಹೆಲ್ಮುಟ್ ಷ್ಲುಂಕ್ (1906–1982). ಸ್ಪೇನಿನ ವಿಸಿಗೋಥಿಕ್ ಮತ್ತು ಅಸ್ತೂರಿಯನ್ ಕಲೆಯಲ್ಲಿ ಅವರು ತಜ್ಞರು. ಸ್ಪೇನಿನ ವಿದ್ವಾಂಸರು ತಮ್ಮ ದೇಶದ ಕಲೆಯ ಬಹುಸಂಪುಟ ಇತಿಹಾಸವಾದ ‘ಆರ್ಸ್ ಹಿಸ್ಪಾನಿಯೆ’ಯನ್ನು ಹೊರತರುವಾಗ 1947ರ ಎರಡನೆಯ ಸಂಪುಟದಲ್ಲಿ ಈ ಭಾಗವನ್ನು ಬರೆಯಲು ಅವರನ್ನೇ ಆಯ್ದಿದ್ದರು. ಸ್ವಂತ ಮನೆಯ ಚರಿತ್ರೆ ಬರೆಯಲು ಹೊರಗಿನವರನ್ನು ಕರೆಯುವುದು ಸಾಮಾನ್ಯ ವಿಶ್ವಾಸವಲ್ಲ.

ಆ ವಿಶ್ವಾಸದ ಒಂದು ಸುಂದರ ಫಲ 1957ರ ಅಸ್ತೂರಿಯದ ಭಿತ್ತಿಚಿತ್ರಗಳ ಗ್ರಂಥ. ಒವಿಯೇದೊ ನಗರದಲ್ಲಿ ದೊರೆ ಎರಡನೆಯ ಅಲ್ಫೋನ್ಸೊ (791–842) ಕಟ್ಟಿಸಿದ ಸಂತ ಹೂಲಿಯಾನ್ ದೇವಾಲಯದ ಗೋಡೆಗಳ ಮೇಲೆ ಚಿತ್ರಿತ ಮಂಟಪಗಳು, ತೆರೆಗಳು, ಶಿಲುಬೆಗಳು ತುಂಬಿವೆ. ಮನುಷ್ಯಾಕೃತಿ ಮಾತ್ರ ಒಂದೂ ಇಲ್ಲ. ಕಾಲದ ಹೊಡೆತಕ್ಕೆ ಸಿಕ್ಕಿ ಮಾಸಿದ್ದ ಇಂತಹ ಚಿತ್ರಗಳನ್ನು ಅಸ್ತೂರಿಯದವರೇ ಆದ ಚಿತ್ರಕಾರ ಮಾಹಿನ್ ಬೆರೆಂಗೆರ್ ಅವರು ತಾಳ್ಮೆಯಿಂದ ಪ್ರತಿಮಾಡಿದರು. ಷ್ಲುಂಕ್ ಅವರು ಅವುಗಳ ವಂಶವನ್ನು ಪ್ರಾಚೀನ ರೋಮನ್ ಚಿತ್ರಪರಂಪರೆಯವರೆಗೆ ಹಿಂಬಾಲಿಸಿದರು. ಒಬ್ಬರ ಕೈ, ಇನ್ನೊಬ್ಬರ ಕಣ್ಣು ಕೂಡಿ ಗ್ರಂಥವಾಯಿತು. ಮುಖಪುಟದ ಮೇಲೆ ಇಬ್ಬರ ಹೆಸರೂ ಜೊತೆಯಾಗಿ ಬಂದವು.

ಸೆನ್ಸೆಲೆಸ್‌ನ ಕಥೆ ಇನ್ನೂ ಬೋಧಪ್ರದ. ತಾರ್ರಗೋನ ನಗರದ ಸಮೀಪದಲ್ಲಿರುವ ಈ ನಾಲ್ಕನೆಯ ಶತಮಾನದ ಕಟ್ಟಡ ಬಹುಕಾಲ ಹಳ್ಳಿಯ ಬೇಸಾಯದ ಮನೆಯಾಗಿ ಬಳಕೆಯಲ್ಲಿತ್ತು. ಅದರ ಗುಮ್ಮಟದ ಒಳಮೈಯಲ್ಲಿ ಬಣ್ಣದ ಹರಳುಗಳಿಂದ ರಚಿಸಿದ ಮೊಸಾಯಿಕ್ ಚಿತ್ರಗಳಿರುವುದು 1877ರಲ್ಲಿ ತಿಳಿದುಬಂದಿತ್ತು. ಬೇಟೆಯ ದೃಶ್ಯ, ಸಿಂಹಗಳ ನಡುವೆ ನಿಂತ ದಾನಿಯೇಲ, ಯೋನನ ಕಥೆ, ಋತುಗಳ ರೂಪಗಳು ಅಲ್ಲಿ ಪಟ್ಟಿಪಟ್ಟಿಯಾಗಿ ಸುತ್ತುವರಿದಿವೆ. 1959ರಲ್ಲಿ ಜರ್ಮನ್ ಸಂಸ್ಥೆ ಆ ಸ್ಥಳವನ್ನು ಕೊಂಡುಕೊಂಡಿತು. ಷ್ಲುಂಕ್ ಮತ್ತು ಥಿಯೋಡೋರ್ ಹೌಷಿಲ್ಡ್ ಅವರು ಅಲ್ಲಿ ಉತ್ಖನನ, ಅಧ್ಯಯನಗಳನ್ನು ನಡೆಸಿದರು. 1978ರಲ್ಲಿ ಸಂಸ್ಥೆಯು ಅದನ್ನು ಸ್ಪೇನ್ ಸರ್ಕಾರಕ್ಕೆ ಒಪ್ಪಿಸಿತು. ನುಮಾನ್ಸಿಯದಲ್ಲಿ ದೊರೆತದ್ದು ದೇಶ ಬಿಟ್ಟು ಹೋಗಿತ್ತು. ಸೆನ್ಸೆಲೆಸ್‌ನಲ್ಲಿ ಸ್ಮಾರಕವೇ ದೇಶದ ಮಡಿಲಿಗೆ ಬಂದಿತು. ಎರಡು ತಲೆಮಾರುಗಳ ಅಂತರದಲ್ಲಿ ವಿದ್ವಾಂಸರು ಕಲಿತ ಪಾಠ ಇದು.

ಗುಮ್ಮಟವನ್ನು ಕುರಿತ ಷ್ಲುಂಕ್ ಅವರ ಗ್ರಂಥ ಅವರ ಮರಣಾನಂತರ, 1988ರಲ್ಲಿ, ಆಖಿಮ್ ಆರ್ಬೈಟರ್ ಅವರ ನೆರವಿನಿಂದ ಪ್ರಕಟವಾಯಿತು. ಆ ಕಟ್ಟಡ ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಗನಾಗಿ 350ರಲ್ಲಿ ಹತನಾದ ಕಾನ್‌ಸ್ಟನ್ಸ್‌ನ ಸಮಾಧಿ ಇರಬಹುದೆಂಬುದು ಷ್ಲುಂಕ್ ಅವರ ಊಹೆ. ಸ್ಪೇನಿನ ಹವಿಯೇರ್ ಆರ್ಸೆ ಮುಂತಾದ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ವಾದವಿವಾದ ಮುಂದುವರಿಯಿತು, ಆದರೆ ಅದು ವಸ್ತುವಿನ ಒಡೆತನಕ್ಕಾಗಿ ನಡೆದ ಜಗಳವಲ್ಲ, ಅರ್ಥಕ್ಕಾಗಿ ನಡೆದ ಚರ್ಚೆ. 2000ದಲ್ಲಿ ಯುನೆಸ್ಕೊ ಸಂಸ್ಥೆ ತಾರ್ರಗೋನದ ಪ್ರಾಚೀನ ನೆಲೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸೆನ್ಸೆಲೆಸ್ ಕೂಡ ಅದರಲ್ಲಿ ಸೇರಿತು.

ಜರ್ಮನಿಯ ಕಲಾ ಇತಿಹಾಸಕಾರರು ಸ್ಪೇನ್, ಪೋರ್ಚುಗಲ್‌ಗ‌ಳ ವಿದ್ವಾಂಸರೊಡನೆ ಸಹಕರಿಸುವ ಉದ್ದೇಶದಿಂದ ಮುಂದೆ ಕಟ್ಟಿಕೊಂಡ ಸಂಘಕ್ಕೆ ಕಾರ್ಲ್ ಯುಸ್ಟಿ ಅವರ ಹೆಸರನ್ನೇ ಇಟ್ಟರು. ಉಪನ್ಯಾಸಗೋಷ್ಠಿಗಳು ಮತ್ತು ‘ಆರ್ಸ್ ಇಬೇರಿಕ ಎತ್ ಅಮೆರಿಕಾನ’ ಎಂಬ ಗ್ರಂಥಮಾಲೆಯ ಮೂಲಕ ಆ ಸಹಕಾರ ಐಬೀರಿಯದ ಗಡಿಯನ್ನು ದಾಟಿ ಲ್ಯಾಟಿನ್ ಅಮೆರಿಕದ ಕಲೆಯವರೆಗೂ ಹಬ್ಬಿತು.

ಈ ದೀರ್ಘ ಇತಿಹಾಸವನ್ನು ಅವಲೋಕಿಸಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಕಲೆಯ ಅರಿವು ಒಬ್ಬರ ಸ್ವತ್ತಲ್ಲ. ದಾಖಲೆಯನ್ನು ಕಾಪಾಡಿಕೊಂಡು ಬಂದವರು, ಅದನ್ನು ಓದಲು ದೂರದಿಂದ ಬಂದವರು, ಮಾಸಿದ ರೇಖೆಯನ್ನು ಪ್ರತಿಮಾಡಿದವರು, ಅದರ ವಂಶವನ್ನು ಹುಡುಕಿದವರು ಎಲ್ಲರೂ ಅದರಲ್ಲಿ ಪಾಲುಗಾರರು. ಋಣವನ್ನು ಒಪ್ಪಿಕೊಂಡಲ್ಲಿ ವಿದ್ಯೆ ಬೆಳೆಯಿತು. ಒಪ್ಪಿಕೊಳ್ಳದಲ್ಲಿ ಕಹಿ ಉಳಿಯಿತು. ಮನುಷ್ಯನನ್ನು ಜಾತಿ, ಜನಾಂಗಗಳಿಂದ ಅಳೆದಲ್ಲಿ ವಿದ್ಯೆಯೊಡನೆ ವಿದ್ವಾಂಸನೂ ನಾಶವಾದನು. ಡ್ಯೂರರ್ ಬರೆದ ಸಂತ ಜೆರೋಮ್ ಇಂದಿಗೂ ಲಿಸ್ಬನ್ನಿನಲ್ಲಿದ್ದಾನೆ; ಜರ್ಮನ್ ಕೈಯಿಂದ ಪೋರ್ಚುಗೀಸ್ ಮಿತ್ರನಿಗೆ ಸಂದ ಆ ಸ್ನೇಹದ ಕಾಣಿಕೆಯನ್ನು ಯಾರೂ ಮರಳಿ ಕೇಳಿಲ್ಲ. ಪ್ರೀತಿಯಿಂದ ಕೊಟ್ಟದ್ದು ಹೋದ ಮನೆಯಲ್ಲಿಯೇ ಸುಖವಾಗಿ ನೆಲೆಸುತ್ತದೆ. ವಿದ್ಯೆಗೂ ಈ ಮಾತು ಸಲ್ಲುತ್ತದೆ.